ಗೋಡೆಯ ಎರಡೂ ಬದಿಗೆ ಒಂದೊಂದು ಗೇಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಣಮವ್ವ ಮೊಣಕಾಲು ಮುಳುಗುವ ರಾಡಿಯಲ್ಲಿ ನಿಂತು ಗೋಡೆಗೆ ಅಂಗೈ ಒತ್ತಿ ಹಿಡಿದಿದ್ದಾರೆ. ಸೀರೆಗೆ ಕಚ್ಚೆ ಹಾಕಿದ್ದಾರೆ, ತಲೆಗೆ ಗಂಡನ ಹಳೆಯ ಟವೆಲ್ಲು ಸುತ್ತಿದ್ದಾರೆ, ದವಡೆಯಲ್ಲಿ ಎಲೆ ಅಡಿಕೆ ಇದೆ. ಗೋಡೆಯ ಆಚೆ ದನದ ಕೊಟ್ಟಿಗೆ. ಅಲ್ಲಿಯೂ ಯಾರೋ ರಾಡಿ ಬಗೆಯುತ್ತಿರುವ ಸದ್ದು ಬರುತ್ತಿದೆ, ಆದರೆ ಇಲ್ಲಿಂದ ಕಾಣುವುದಿಲ್ಲ.

“ಚಾಂದಬೀ, ಆತೇನ ಬೇ?” ಎಂದು ಹಣಮವ್ವ ಗೋಡೆಗೇ ಕೇಳುತ್ತಾರೆ.

“ಜರಾ ತಡಿ ಅಕ್ಕಾ, ಮೂಲ್ಯಾಗ ಇನ್ನಾ ಅದ!” ಎಂದು ಗೋಡೆ ಉತ್ತರ ಕೊಡುತ್ತದೆ. ಸ್ವಲ್ಪ ಹೊತ್ತಿಗೆ ಅದೇ ದನಿ, “ಹಾಂ, ಆತ್ ನೋಡು!”

ಆಗ ಹಣಮವ್ವ ಸಲಿಕೆ ಎತ್ತುತ್ತಾರೆ. ತಮ್ಮ ಬದಿಯ ರಾಡಿಯನ್ನು ಒಂದು ಗೇಣು ತೆಗೆಯುತ್ತಾರೆ, ಅದಕ್ಕಿಂತ ಹೆಚ್ಚಿಲ್ಲ. ಜೊತೆಗಿರುವ ಹೆಂಗಸರು ಬುಟ್ಟಿಗೆ ತುಂಬಿ ಹೊರಗೆ ಸಾಗಿಸುತ್ತಾರೆ. ಅಷ್ಟಾದ ಮೇಲೆ ಮತ್ತೆ ಗೋಡೆಗೆ ಅಂಗೈ, ಮತ್ತೆ ಕೂಗು. ನೋಡುತ್ತ ನಿಂತವರಿಗೆ ಇದು ಕೆಲಸ ಮಾಡುವ ರೀತಿಯೇ ಅಲ್ಲ ಅನ್ನಿಸುತ್ತದೆ. ಒಂದು ಕೋಣೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬಾರದೇ ಎಂದು ನಾನೂ ಕೇಳಿದೆ. ಹಣಮವ್ವ ನನ್ನ ಬಿಳಿ ಅಂಗಿಯನ್ನೊಮ್ಮೆ ನೋಡಿ, “ಪೇಪರಿನವ್ರೇ, ನೀವ್ ಆ ಕಟ್ಟಿ ಮ್ಯಾಲ ಕುಂದರ್ರಿ, ಅಂಗಿ ಹೊಲಸಾಗ್ತದ” ಅಂದರು. ಅದು ಕಾಳಜಿಯೋ, ‘ಅಡ್ಡ ನಿಲ್ಲಬೇಡ’ ಎಂಬುದರ ಮರ್ಯಾದೆಯ ರೂಪವೋ ತಿಳಿಯಲಿಲ್ಲ.

ಭೀಮಾ ನದಿ ಈ ಸಲ ಹೊಳಿಮಾದರಗಿಯ ಒಳಹೊಕ್ಕು ಹೋಗಿದೆ. ಅಫಜಲಪುರ ತಾಲ್ಲೂಕಿನ ದಂಡೆಯ ಊರಿದು, ಹೊಳೆಯ ಆಚೆ ಜೇವರ್ಗಿ ತಾಲ್ಲೂಕು. ನೀರು ಬಂದಾಗ ಬೋಟು ಬಂದವು, ಜಾಕೆಟ್ ತೊಟ್ಟವರು ಬಂದರು, ಕ್ಯಾಮೆರಾಗಳು ಬಂದವು. ನಮ್ಮ ಪತ್ರಿಕೆಯಲ್ಲೂ ಮುಖಪುಟದ ಫೋಟೋ ಇತ್ತು. ನೀರು ಇಳಿದ ಸುದ್ದಿ ಒಳಪುಟದ ಮೂಲೆಗೆ ಸರಿಯಿತು, ಆಮೇಲೆ ಅದೂ ಇಲ್ಲ. ಜನ ಕಾಳಜಿ ಕೇಂದ್ರದಿಂದ ಮನೆಗೆ ಮರಳಿದರು ಎಂದು ಒಂದು ಸಾಲು ಬರೆದು ನಾವೆಲ್ಲ ಕೈತೊಳೆದುಕೊಂಡೆವು. ಮರಳಿದವರಿಗೆ ಮನೆಯ ಬಾಗಿಲೇ ತೆಗೆಯಲು ಬರುತ್ತಿರಲಿಲ್ಲ. ಒಳಗಿನಿಂದ ರಾಡಿ ಒತ್ತಿ ಹಿಡಿದಿತ್ತು.

ಹಿಮ ಬೀಳುವ ದೇಶಗಳಲ್ಲಿ ಜನ ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಸರಿಸುವುದನ್ನು ಟಿವಿಯಲ್ಲಿ ನೋಡಿದ್ದೇನೆ. ಬೆಳ್ಳಗೆ, ಶುಭ್ರವಾಗಿ, ನೋಡಲು ಚೆಂದ. ಅವರಿಗೂ ಕಷ್ಟವೇ, ಇಲ್ಲವೆನ್ನುವುದಿಲ್ಲ. ಆದರೆ ಅವರದು ಬಿಸಿಲು ಬಂದರೆ ಕರಗಿ ಹೋಗುತ್ತದೆ. ಇಲ್ಲಿ ಬಿಸಿಲು ಬಂದರೆ ರಾಡಿ ಕಲ್ಲಾಗುತ್ತದೆ, ಹಸಿ ಇದ್ದಾಗಲೇ ತೆಗೆಯಬೇಕು. ಹಸಿ ಇದ್ದಾಗ ತೆಗೆದರೆ ಅದರ ವಾಸನೆ ಮೂಗಿನಿಂದ ಹೋಗುವುದಿಲ್ಲ. ಕೊಳೆತ ಜೋಳ, ಸತ್ತ ಕೋಳಿ, ಕೊಟ್ಟಿಗೆಯ ಸಗಣಿ, ಎಲ್ಲಿಂದಲೋ ತೇಲಿ ಬಂದ ನಾಯಿ, ಎಲ್ಲವೂ ಅದರಲ್ಲಿ ಸೇರಿವೆ. ಊರಿನ ಗೋಡೆಗಳ ಮೇಲೆ ನೀರು ನಿಂತ ಗೆರೆ ಒಂದೇ ಮಟ್ಟದಲ್ಲಿ ಸಾಗಿದೆ. ಅದರ ಕೆಳಗಿನ ಸುಣ್ಣವೆಲ್ಲ ಉದುರಿದೆ.

ಹಣಮವ್ವ ರಾಡಿ ತೆಗೆಯುತ್ತಿರುವ ಮನೆ ಗುರುಶಾಂತ ಅವರದು. ಲಿಂಗಾಯತ ಒಕ್ಕಲುತನದ ಮನೆ, ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಈ ಕಡೆಯ ಹಳೆಯ ಮನೆಗಳಲ್ಲಿ ದನ ಮತ್ತು ಮನುಷ್ಯರು ಒಂದೇ ಸೂರಿನಡಿ ಇರುತ್ತಾರೆ. ಮುಂದೆ ತಗ್ಗಿನಲ್ಲಿ ಕೊಟ್ಟಿಗೆ, ಮೇಲೆ ಕಟ್ಟೆ ಏರಿದರೆ ಮನೆ. ಗುರುಶಾಂತರ ಮನೆಯಲ್ಲಿ ಕೊಟ್ಟಿಗೆಗೂ ಜಗಲಿಗೂ ನಡುವೆ ಒಂದೇ ಗೋಡೆ. ಜಗಲಿ ಎಂದರೆ ಇಲ್ಲಿ ದೇವರ ಕೋಣೆ. ಕೊಟ್ಟಿಗೆ ತಗ್ಗಿನಲ್ಲಿರುವುದರಿಂದ ಅಲ್ಲಿ ರಾಡಿ ಎದೆಮಟ್ಟ ನಿಂತಿದೆ, ಜಗಲಿಯಲ್ಲಿ ಅದಕ್ಕಿಂತ ಕಡಿಮೆ. ಹಣಮವ್ವನ ಕೆಲಸದ ಗುಟ್ಟೆಲ್ಲ ಈ ಗೋಡೆಯಲ್ಲಿದೆ.

“ನೀರಾಗ ನಿಂತ ಗ್ವಾಡಿ ಹಸಿ ರೊಟ್ಟಿ ಇದ್ದಂಗ್ರಿ” ಎಂದು ಅವರು ಬುಟ್ಟಿ ಇಳಿಸಿ ಹೇಳುತ್ತಾರೆ. “ಎರಡೂ ಕಡಿ ರಾಡಿ ಇದ್ರ ನಿಂತಿರ್ತದ. ಈ ಕಡಿ ರಾಡಿ ಆ ಕಡೀದ್ದನ್ನ ತಡೀತದ, ಆ ಕಡೀದು ಈ ಕಡೀದ್ದನ್ನ ತಡೀತದ. ಒಂದ ಕಡೀದು ಪೂರಾ ತಗದ್ರಿ ಅಂದ್ರ ಮುಗೀತು, ಇನ್ನೊಂದ ಕಡೀದು ದೂಡ್ತದ. ಅದಕ್ಕ ಇಬ್ರೂ ಗೇಣ ಗೇಣ ಇಳಸ್ಕೋತ ಬರ್ಬೇಕ್ರಿ. ಆಕಿ ಆತು ಅಂದ್ರ ನಾ, ನಾ ಆತು ಅಂದ್ರ ಆಕಿ.”

ಇದೇನು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಊರಿನ ಹಿರಿಯರೆಲ್ಲ ತಲೆಯಾಡಿಸುತ್ತಾರೆ, ಹೌದು ಹಾಗೇ ತೆಗೆಯಬೇಕು ಅನ್ನುತ್ತಾರೆ. ಆದರೆ ತಮ್ಮ ಮನೆಗೆ ಬಂದಾಗ ಯಾರಿಗೂ ತಾಳ್ಮೆ ಇರುವುದಿಲ್ಲ. ಅದಕ್ಕೆ ಕಾರಣವೂ ಇದೆ. ದಂಡೆಯ ಊರುಗಳಲ್ಲಿ ಮನೆ ಬಿಟ್ಟು ಹೋದವರು ಮರಳಿದಾಗ ಮೊದಲು ಜಗಲಿಯಲ್ಲಿ ದೀಪ ಹಚ್ಚಬೇಕು, ಆಮೇಲೆಯೇ ಒಲೆ. ದೀಪ ಕಾಣದ ಮನೆಯಲ್ಲಿ ಅನ್ನ ಬೇಯಿಸುವಂತಿಲ್ಲ. ಜಾತಿ ಯಾವುದೇ ಇರಲಿ, ಈ ಒಂದು ಮಾತಿನಲ್ಲಿ ಎಲ್ಲರದೂ ಒಂದೇ ಹಟ. ಬೇರೆ ಕಡೆಯವರು ಅಡುಗೆಮನೆ ತೆಗೆದಾರು, ಟ್ರಂಕು ಇಟ್ಟ ಕೋಣೆ ತೆಗೆದಾರು. ನಮ್ಮವರು ಮೊದಲು ಜಗಲಿಯ ರಾಡಿ ತೆಗೆದು, ತೊಳೆದು, ದೀಪ ಹಚ್ಚಿ ಕೈಮುಗಿಯುತ್ತಾರೆ. ಗೋಡೆಯ ಆಚೆ ಕೊಟ್ಟಿಗೆಯ ರಾಡಿ ಹಾಗೇ ಇರುತ್ತದೆ. ಕೈಮುಗಿದು ಕಣ್ಣು ಮುಚ್ಚಿದವರ ಮೇಲೆ ಗೋಡೆ ಬೀಳುತ್ತದೆ.

ಹಾಗೆ ಬಿದ್ದದ್ದನ್ನು ಹಣಮವ್ವ ಕಂಡಿದ್ದಾರೆ. ಅವರ ತವರು ಆಳಂದ ತಾಲ್ಲೂಕಿನ ಸರಸಂಬಾ. ಮದುವೆಯಾಗಿ ಈ ಊರಿಗೆ ಬರುವವರೆಗೆ ಹೊಳೆ ಮನೆಗೆ ಬರುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಗಂಡ ಬೀರಣ್ಣ ಕುರಿ ಕಾಯುವವರು, ವರ್ಷದ ಹೆಚ್ಚು ಭಾಗ ಹಿಂಡಿನ ಹಿಂದೆಯೇ ಇರುತ್ತಾರೆ. ಮನೆಯಲ್ಲಿ ಹಣಮವ್ವನ ಜೊತೆಗಿದ್ದವಳು ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಸೀಮಾ. ಹಣಮವ್ವನಿಗಿಂತ ಬಹಳ ಚಿಕ್ಕವಳು. ಜಗಳವಾಡುತ್ತಿದ್ದರು, ಒಂದೇ ತಟ್ಟೆಯಲ್ಲಿ ಉಣ್ಣುತ್ತಲೂ ಇದ್ದರು. ಹಿಂದೊಮ್ಮೆ ಹೀಗೇ ಹೊಳೆ ಬಂದು ಇಳಿದಾಗ ಇಬ್ಬರೂ ಸೇರಿ ಬೀರದೇವರ ಜಗಲಿಯನ್ನು ಮೊದಲು ತೆಗೆಯಲು ಕೂತರು.

“ನಾನ ಅಂದಿದ್ದೆ, ಮೊದಲ ದೇವರ ಜಾಗಾ ಹಸನ ಮಾಡೂಣು ಅಂತ” ಎನ್ನುತ್ತಾರೆ ಹಣಮವ್ವ. ಈ ಮಾತು ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ. “ಬುಟ್ಟಿ ಹೊತ್ಕೊಂಡ ಹೊರಗ ಹೋದೆ, ಚೆಲ್ಲಿ ಬಂದೆ. ಬರೂದ್ರಾಗ ಗ್ವಾಡಿ ಇದ್ದಿಲ್ರಿ. ಆಕೀನೂ ಇದ್ದಿಲ್ಲ. ಕೈಲೇ ಕೆದರಿದ್ವಿ. ಸಲಿಕಿ ಹಾಕಿದ್ರ ಎಲ್ಲಿ ಮೈಗೆ ಹತ್ತತದೋ ಅಂತ ಅಂಜಿಕಿ. ತಗದಾಗ ಮೂಗಿನ ನತ್ತ ಸುದ್ದಾ ಹಂಗ ಇತ್ತು, ಉಸಿರ ಇದ್ದಿಲ್ಲ.”

ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ನೆರೆದವರೆಲ್ಲ ದೇವರ ಸಿಟ್ಟು ಅಂದರು. ಬೀರದೇವರಿಗೆ ಯಾವ ಹರಕೆ ಬಾಕಿ ಇತ್ತು ಎಂದು ಲೆಕ್ಕ ಹಾಕಿದರು. ಪಕ್ಕದ ಓಣಿಯ ಗೌಂಡಿ ಮುಕ್ರಮ ಮಾತ್ರ ಬಿದ್ದ ಗೋಡೆಯ ಸುತ್ತ ಸುಮ್ಮನೆ ಓಡಾಡಿ, ಆಚೆಯ ರಾಡಿ ನೋಡಿ, ಹಣಮವ್ವನನ್ನು ಪಕ್ಕಕ್ಕೆ ಕರೆದು ಕಾರಣ ಹೇಳಿದರು. ಗೋಡೆ ಕಟ್ಟುವವರಿಗೆ ಗೋಡೆ ಬೀಳುವುದೂ ಗೊತ್ತಿರುತ್ತದೆ. ಮುಕ್ರಮ ಈಗಿಲ್ಲ. ಗೋಡೆಯ ಆಚೆಯಿಂದ ಕೂಗುವ ಚಾಂದಬೀ ಅವರ ಹೆಂಡತಿ. ಅಂದಿನಿಂದ ಹೊಳೆ ಬಂದಾಗಲೆಲ್ಲ ಈ ಇಬ್ಬರು ಹೆಂಗಸರು ಗೋಡೆಯ ಆಚೆ ಈಚೆ ನಿಲ್ಲುತ್ತಾರೆ.

ಎರಡೂ ದಂಡೆಯ ಊರುಗಳಿಂದ ಕರೆ ಬರುತ್ತದೆ. ಅಂದೋಲಾ ಕಡೆಯ ಹಳ್ಳಿಗಳಿಗೂ ಹೋಗಿ ಬಂದಿದ್ದಾರೆ. ಕೂಲಿ ಕೊಡುವವರು ಕೊಡುತ್ತಾರೆ, ಜೋಳ ಕೊಡುವವರು ಜೋಳ ಕೊಡುತ್ತಾರೆ, ಈ ಸಲ ಜೋಳವೂ ನೆನೆದಿದೆ. ಬೆಳಗಿನಿಂದ ಸಂಜೆಯವರೆಗೆ ಇಬ್ಬರ ತಂಡ ಸೇರಿ ಒಂದು ದೊಡ್ಡ ಕೋಣೆ ಮುಗಿಸಿದರೆ ಹೆಚ್ಚು. ಕಾಲ್ಬೆರಳ ಸಂದುಗಳು ಬೆಳ್ಳಗಾಗಿ ಬಿರಿದಿವೆ. ಸೊಂಟಕ್ಕೆ ಎಣ್ಣೆ ತಿಕ್ಕಲು ಮನೆಯಲ್ಲಿ ಯಾರೂ ಇಲ್ಲ. ಓಣಿಯ ರಾಡಿ ಎಳೆಯಲು ಜೆಸಿಬಿ ತಂದ ಮಸೂದನಿಗೆ ಹಣಮವ್ವನನ್ನು ಕಂಡರೆ ಭಯ. ಮನೆಗಳ ಗೋಡೆಗೆ ತಾಗಿದ ರಾಡಿಯನ್ನು ಮುಟ್ಟಬೇಡ ಎಂದು ಅವರು ಯಂತ್ರದ ಮುಂದೆ ಹೋಗಿ ನಿಂತರಂತೆ. “ಅಮ್ಮಾ ಸರೀರಿ ಅಂದ್ರ ಸರೀಲಿಲ್ರಿ. ನಾನ ಹಿಂದ ಬಂದೆ” ಎಂದು ಮಸೂದ ನಗುತ್ತಾನೆ.

ಹಾಗೆಂದು ಅವರ ಮಾತು ಯಾವಾಗಲೂ ನಿಜವಾಗುತ್ತದೆ ಎಂದಲ್ಲ. ಇದೇ ಓಣಿಯ ದೇವಿಂದ್ರಪ್ಪನವರ ಹಿತ್ತಲ ಗೋಡೆ ಇವತ್ತೇ ಬೀಳುತ್ತದೆ ಎಂದು ಹೇಳಿ ಮನೆಮಂದಿಯನ್ನೆಲ್ಲ ಹೊರಗೆ ಮಲಗಿಸಿದ್ದರು. ಅದು ಈಗಲೂ ಗಟ್ಟಿಯಾಗಿ ನಿಂತಿದೆ. ದೇವಿಂದ್ರಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ, “ಹಣಮವ್ವಾ, ನನ್ನ ಗ್ವಾಡಿ ನಿನ್ನ ಕೇಳಾಕತ್ತದ, ಯಾವಾಗ ಬೀಳ್ಲಿ ಅಂತ!” ಎಂದು ಕಾಡಿಸುತ್ತಾರೆ. ಹಣಮವ್ವ, “ನಿಮ್ಮಂಗ ಹಟಮಾರಿ ಅದ್ರಿ ಅದು” ಎಂದು ಅಲ್ಲಿಗೇ ಬಿಡುತ್ತಾರೆ. ನಾನು ಊರಲ್ಲಿದ್ದ ಎರಡು ದಿನಗಳಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಆಗ ಮಾತ್ರ.

ಗುರುಶಾಂತರ ಮನೆಗೆ ಬರೋಣ. ಮಧ್ಯಾಹ್ನದ ಹೊತ್ತಿಗೆ ಹಣಮವ್ವ ಜಗಲಿಯ ಗೋಡೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು ಕಂಡರು. ಮಣ್ಣಿಗೆ ಬೂದಿ ಕಲಸಿ, ಬಿರುಕಿನ ಮೇಲೆ ಅಡ್ಡಲಾಗಿ ಹೆಬ್ಬೆರಳಿನಿಂದ ಒಂದು ಬಟ್ಟು ಇಟ್ಟರು. ಬಟ್ಟು ಒಣಗಿದ ಮೇಲೆ ಸೀಳಿದರೆ ಗೋಡೆ ಸರಿಯುತ್ತಿದೆ ಎಂದರ್ಥ. ಆಮೇಲೆ ಗುರುಶಾಂತರನ್ನು ಕರೆದು, “ಅಪ್ಪಾ, ಜಗಲಿಗೆ ಅವಸರ ಮಾಡಬ್ಯಾಡ್ರಿ. ಕೊಟಿಗ್ಯಾಗಿಂದು ತಗ್ಗಲಿ. ನಾಡದು ದೀಪ ಹಚ್ಚೀರಂತ” ಅಂದರು. ಗುರುಶಾಂತ ಐವತ್ತು ದಾಟಿದ ಮನುಷ್ಯ, ಮೆತ್ತಗಿನವರು. ಆಗಲಿ ಎಂದು ತಲೆಯಾಡಿಸಿದರು, ಆದರೆ ಅವರ ಮುಖ ಬೇರೇನೋ ಹೇಳುತ್ತಿತ್ತು.

ಅವರ ಕಷ್ಟ ಬೇರೆ. ತಾಯಿ ಹೀರಾಬಾಯಿಗೆ ಎಂಬತ್ತು ಮೀರಿದೆ. ಅತನೂರಿನ ಬಂಧುಗಳ ಮನೆಯಲ್ಲಿ ಇಳಿದಿದ್ದಾರೆ. ಹೊಳೆ ಬಂದಾಗಿನಿಂದ ಬೇಯಿಸಿದ ಅನ್ನ ಮುಟ್ಟಿಲ್ಲ. ಕೊರಳಲ್ಲಿ ಇಷ್ಟಲಿಂಗವಿದೆ, ದಿನವೂ ಪೂಜೆ ನಡೆಯುತ್ತಿದೆ, ಆದರೂ ತನ್ನ ಜಗಲಿಯ ದೀಪ ಕಾಣದೆ ಉಣ್ಣುವುದಿಲ್ಲ ಎಂಬ ಹಟ. ಚಹಾ, ಬಾಳೆಹಣ್ಣು, ನೀರು, ಅಷ್ಟೇ. ಸಂಜೆ ಟಂಟಂ ಆಟೋ ಮಾಡಿಸಿಕೊಂಡು ಅವರೇ ಬಂದುಬಿಟ್ಟರು. ಸೊಸೆ ಬಸವೇಶ್ವರಿ ಕೈಹಿಡಿದು ಇಳಿಸಿದರು. ಗಾಳಿ ಬಂದರೆ ಹಾರಿ ಹೋಗುವಂತಿದ್ದಾರೆ, ಆದರೆ ದನಿ ಮಾತ್ರ ಓಣಿಯ ತುದಿಗೆ ಕೇಳುತ್ತದೆ.

“ಏನ ಬೇ ಹಣಮವ್ವಾ, ನನ್ನ ಜಗಲಿಗೆ ನೀ ಕಾವಲಾ ಕುಂತೀಯಂತ?”

“ಕಾವಲ ಅಲ್ರೀ ಆಯಿ. ಜರಾ ತಡೀರಿ ಅನ್ನಾಕತ್ತೇನಿ. ಗ್ವಾಡಿ ಭಾಳ ನಾಜೂಕ ಅದ.”

“ನಾ ಮದಿವಿ ಆಗಿ ಬಂದಾಗ ಈ ಗ್ವಾಡೀಗೆ ಸುಣ್ಣಾ ಹಚ್ಚೀನಿ. ಅದು ನನ್ನ ಮ್ಯಾಲ ಬೀಳ್ತದೇನ?”

“ಗ್ವಾಡೀಗೆ ಯಾರ ಗುರುತೂ ಇರಂಗಿಲ್ರೀ ಆಯಿ.”

ಹೀರಾಬಾಯಿ ಮಗನ ಕಡೆ ತಿರುಗಿ, “ನಾ ದೀಪಾ ಕಾಣದ ಸತ್ರ ನಿನಗ ಛಲೋ ಆಗ್ತದೇನಪಾ?” ಎಂದು ಕೇಳಿದರು. ಗುರುಶಾಂತ ತಲೆ ತಗ್ಗಿಸಿದರು. ಈ ಮಾತು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಕತ್ತಲಾಗುತ್ತಿದ್ದುದರಿಂದ ಮುದುಕಿಯನ್ನು ಅಂದು ದೇವಿಂದ್ರಪ್ಪನವರ ಕಟ್ಟೆಯ ಮೇಲೆ ಮಲಗಿಸಿದರು. ಹಣಮವ್ವ ಹೋಗುವ ಮುಂಚೆ ಬಟ್ಟನ್ನೊಮ್ಮೆ ಮುಟ್ಟಿ ನೋಡಿದರು. ಅದಿನ್ನೂ ಹಸಿಯಾಗಿತ್ತು.

ಮರುದಿನ ಬೆಳಕು ಹರಿಯುವಾಗ ಹಣಮವ್ವ, ಚಾಂದಬೀ, ನಾನು ಗುರುಶಾಂತರ ಅಂಗಳಕ್ಕೆ ಬರುತ್ತೇವೆ. ಬಾಗಿಲ ಮುಂದೆ ಹೊಸ ರಾಡಿಯ ಗುಡ್ಡೆ. ಹಣಮವ್ವನ ನಡಿಗೆ ಅಲ್ಲೇ ನಿಲ್ಲುತ್ತದೆ. ಗುರುಶಾಂತ ಬಾಗಿಲ ಬಳಿ ನಿಂತಿದ್ದಾರೆ, ಹೆಗಲವರೆಗೆ ರಾಡಿ, ಕಣ್ಣು ಕೆಂಪಾಗಿದೆ. ನಡುರಾತ್ರಿಯೇ ಎದ್ದು, ತಾವೊಬ್ಬರೇ ಜಗಲಿಯಲ್ಲಿ ಉಳಿದಿದ್ದ ರಾಡಿ ಪೂರ್ತಿ ತೆಗೆದು, ಬಾವಿಯ ನೀರು ಹೊತ್ತು ತೊಳೆದಿದ್ದಾರೆ. ತಾಯಿ ಸ್ನಾನ ಮಾಡಿ ಮಡಿಯುಟ್ಟು ಒಳಗೆ ಹೋಗಿದ್ದಾರೆ.

“ಒಂದ ದೀಪಾ ಹಚ್ಚಿ ಬಂದಬಿಡ್ತಾಳ ಹಣಮವ್ವಾ. ಆಮ್ಯಾಲ ನೀ ಹೇಳಿದಂಗ” ಅನ್ನುತ್ತಾರೆ ಗುರುಶಾಂತ. ತಪ್ಪು ಮಾಡಿದ ಹುಡುಗನ ದನಿ ಅದು. ನನಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಆಯಿತು. ಉಪವಾಸ ಕೂತ ತಾಯಿಯ ಮುಂದೆ ಯಾವ ಮಗ ತಾನೆ ಗೋಡೆಯ ನ್ಯಾಯ ಮಾತಾಡುತ್ತಾನೆ?

ಹಣಮವ್ವ ಅವರನ್ನು ದಾಟಿ ಒಳಗೆ ಹೋಗುತ್ತಾರೆ, ನಾನು ಬಾಗಿಲವರೆಗೆ ಹಿಂಬಾಲಿಸುತ್ತೇನೆ. ಬೂದಿಮಣ್ಣಿನ ಬಟ್ಟು ನಡುವೆ ಸೀಳಿದೆ, ಸೀಳಿನಲ್ಲಿ ಬೆರಳು ತೂರುವಷ್ಟು ಜಾಗವಾಗಿದೆ. ಗೋಡೆಯ ಹೊಟ್ಟೆ ಈಚೆಗೆ ಉಬ್ಬಿದೆ. ಅದರ ಬುಡದಲ್ಲೇ ಹೀರಾಬಾಯಿ ಮಣೆಯ ಮೇಲೆ ಕೂತು ಹಣತೆಗೆ ಎಣ್ಣೆ ಹಾಕುತ್ತಿದ್ದಾರೆ.

“ಆಯಿ, ಹೊರಗ ಬರ್ರಿ.”

“ದೀಪಾ ಹಚ್ಚಿ ಬರ್ತೇನಿ. ನೀ ನಡಿ.”

“ಆಯಿ, ಕಾಲ ಬೀಳ್ತೇನಿ, ಈಗ ಬರ್ರಿ.”

“ಮಡೀಲಿ ಇದ್ದೇನಿ, ಹತ್ರ ಬರಬ್ಯಾಡ!”

ಹಣಮವ್ವ ಎರಡೇ ಹೆಜ್ಜೆ ಮುಂದೆ ಹೋಗಿ, ರಾಡಿ ಮೆತ್ತಿದ ಕೈಗಳನ್ನು ಮುದುಕಿಯ ಕಂಕುಳಡಿ ಹಾಕಿ, ಎಳೆಗೂಸನ್ನು ಎತ್ತುವಂತೆ ಎತ್ತಿಬಿಡುತ್ತಾರೆ. ಹೀರಾಬಾಯಿ ಚೀರುತ್ತಾರೆ, ಪರಚುತ್ತಾರೆ, ಕಡ್ಡಿಪೆಟ್ಟಿಗೆ ಕೆಳಗೆ ಬೀಳುತ್ತದೆ. ಎಂಬತ್ತು ದಾಟಿದ ಲಿಂಗಾಯತ ಮನೆಯ ಯಜಮಾನಿಯನ್ನು, ಮಡಿಯಲ್ಲಿರುವವರನ್ನು, ದೀಪ ಹಚ್ಚುವ ಹೊತ್ತಿನಲ್ಲಿ ಕುರುಬರ ಹೆಂಗಸು ಹೊತ್ತು ತಂದು ಅಂಗಳದಲ್ಲಿ ಇಳಿಸಿದ್ದನ್ನು ಓಣಿಯೆಲ್ಲ ನೋಡಿತು. ಬಿಳಿಯ ಮಡಿಸೀರೆಯ ಮೇಲೆ ಹಣಮವ್ವನ ಹತ್ತೂ ಬೆರಳು ಮೂಡಿದ್ದವು.

ಗೋಡೆ ಬೀಳಲಿಲ್ಲ.

ಇದೇ ಎಲ್ಲಕ್ಕಿಂತ ಕಷ್ಟದ ಹೊತ್ತು. ಎಲ್ಲರೂ ಅಂಗಳದಲ್ಲಿ ನಿಂತು ಗೋಡೆಯ ಕಡೆ ನೋಡುತ್ತಾರೆ, ಆಮೇಲೆ ಹಣಮವ್ವನ ಕಡೆ. ಹೀರಾಬಾಯಿ ನೆಲಕ್ಕೆ ಕೈ ಬಡಿದು ಅಳುತ್ತಾರೆ. ಯಾರೋ ಹಿಂದಿನಿಂದ, “ದೇವಿಂದ್ರಪ್ಪನ ಗ್ವಾಡಿನೂ ಹಿಂಗ ಹೇಳಿದ್ಲು” ಅನ್ನುತ್ತಾರೆ. ಬಿಸಿಲು ಏರುತ್ತದೆ. ಬಸವೇಶ್ವರಿ ಪಕ್ಕದ ಮನೆಯಿಂದ ಎಲ್ಲರಿಗೂ ಚಹಾ ತರುತ್ತಾರೆ, ಹಣಮವ್ವನ ಮುಂದೆ ಒಂದು ಕ್ಷಣ ತಡೆದು ಅವರಿಗೂ ಕೊಡುತ್ತಾರೆ. ಹಣಮವ್ವ ಅದನ್ನು ಕುಡಿಯದೆ ಕೆಳಗಿಡುತ್ತಾರೆ. ಬಾಗಿಲಿಗೆ ಅಡ್ಡ ನಿಂತು ಅಲ್ಲಿಂದ ಕದಲುವುದಿಲ್ಲ.

ಗುರುಶಾಂತ ಒಂದು ತೊಲೆ ಎಳೆದು ತರುತ್ತಾರೆ. “ಇದನ್ನ ಆನಿಕಿ ಕೊಡ್ತೇನಿ, ಗ್ವಾಡಿ ಉಳೀತದ. ಬಿಡು ಹಣಮವ್ವಾ.”

“ಆನಿಕಿ ಕೊಡಾಕ ಒಳಗ ಹೋಗ್ಬೇಕಲ್ರೀ ಅಪ್ಪಾ. ನಾ ಹೋಗಂಗಿಲ್ಲ, ನಿಮಗೂ ಬಿಡಂಗಿಲ್ಲ.”

“ಮುತ್ಯಾನ ಕಾಲದ ಮನಿ ಅದ!”

“ಗೊತ್ತದ್ರಿ.”

“ನಿನ್ನ ಮನಿ ಆಗಿದ್ರ ಬಿಡ್ತಿದ್ದೇನು?”

ಚಾಂದಬೀ ನಡುವೆ ಬರುತ್ತಾರೆ. “ಗುರುಶಾಂತಣ್ಣಾ, ಆಕಿನ ಮನಿ ಮಾತ ತಗೀಬ್ಯಾಡ್ರಿ” ಎಂದಷ್ಟೇ ಅನ್ನುತ್ತಾರೆ. ಓಣಿಯಲ್ಲಿ ಅದರ ಅರ್ಥ ತಿಳಿಯದವರಿಲ್ಲ. ಗುರುಶಾಂತ ತೊಲೆಯನ್ನು ಕೈಬಿಟ್ಟು ಅದರ ಮೇಲೆಯೇ ಕೂತುಬಿಡುತ್ತಾರೆ.

ಗೋಡೆ ಬಿದ್ದದ್ದು ರೊಟ್ಟಿ ಹಂಚುವ ಹೊತ್ತಿಗೆ. ಹೊಳೆಯಾಚೆಯ ಊರಿನವರು ಒಣ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿ ಕಳಿಸಿದ್ದರು, ಜನರ ಗಮನ ಆ ಕಡೆ ಹೋಗಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ನೆನೆದ ಜೋಳದ ಚೀಲ ಗಾಡಿಯಿಂದ ಜಾರಿ ಬಿದ್ದಂತೆ ಧಪ್ಪೆಂದಿತು, ಅಷ್ಟೇ. ಆಮೇಲೆ ಕೊಟ್ಟಿಗೆಯ ರಾಡಿ ನಿಧಾನವಾಗಿ, ಯಾರದೂ ಅಪ್ಪಣೆ ಕೇಳದೆ, ಜಗಲಿಗೆ ನುಗ್ಗಿತು. ಮಾಳಿಗೆಯ ಒಂದು ತೊಲೆ ವಾಲಿ, ಮೇಲಿನ ಮಣ್ಣು ಸುರಿಯಿತು. ತೊಳೆದ ನೆಲ, ಹಣತೆ, ಮಣೆ, ಎಲ್ಲವೂ ಅದರಡಿಯಲ್ಲಿ ಸೇರಿದವು. ನನ್ನ ಕೈಯಲ್ಲಿದ್ದ ರೊಟ್ಟಿ ಯಾವಾಗ ಬಿತ್ತೋ ಗೊತ್ತಾಗಲಿಲ್ಲ. ಹಣಮವ್ವ ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಇಂಥ ಬರಹಗಳಲ್ಲಿ ಈ ಜಾಗಕ್ಕೆ ಬಂದಾಗ ಎಲ್ಲರೂ ಕಣ್ಣೀರು ತಂದುಕೊಂಡು ಕೈಮುಗಿಯಬೇಕು. ಪುರವಣಿಯ ಸಂಪಾದಕರೂ ಅದನ್ನೇ ಬಯಸಿಯಾರು. ಹಾಗೇನೂ ಆಗಲಿಲ್ಲ. ಹೀರಾಬಾಯಿ ಬಿದ್ದ ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ಚಾಚಿ ಹಣಮವ್ವನನ್ನು ತೋರಿಸಿದರು.

“ದೀಪಾ ಹಚ್ಚಾಕ ಬಿಟ್ಟಿದ್ರ ಗ್ವಾಡಿ ಬೀಳ್ತಿದ್ದಿಲ್ಲ. ಈಕಿ ಮಡೀ ಮುಟ್ಟಿದ್ದಕ್ಕ ಬಿತ್ತು. ನನ್ನ ದೇವ್ರ ಮಣ್ಣ ಪಾಲ ಮಾಡಿದ್ಲು. ನಿನ್ನ ಕೈ ಸೇದಿ ಹೋಗ್ಲಿ ಬೇ, ನಿನ್ನ ಮನ್ಯಾಗೂ ದೀಪಾ ಹತ್ತಬಾರದು!”

ಯಾರೂ ತಡೆಯಲಿಲ್ಲ. ಕೆಲವರು ಹೌದೆಂಬಂತೆ ತಲೆಯಾಡಿಸಿದ್ದನ್ನೂ ಕಂಡೆ, ಅದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ. ಬಸವೇಶ್ವರಿ ಅತ್ತೆಯನ್ನು ಸಮಾಧಾನ ಮಾಡಲು ಹೋಗಿ ತಾವೂ ಬೈಸಿಕೊಂಡರು. ಹಣಮವ್ವ ತಣ್ಣಗಾದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದು, ಕಪ್ಪನ್ನು ತೊಳೆದಿಟ್ಟು, ಸಲಿಕೆ ಹೆಗಲಿಗೇರಿಸಿದರು.

ನಾನು ಗುರುಶಾಂತರ ಹತ್ತಿರ ಹೋದೆ. ನಿಮ್ಮ ಹೆಸರು ಬದಲಿಸಿ ಬರೆಯುತ್ತೇನೆ ಅಂದೆ. ಅವರು ನೆಲ ನೋಡುತ್ತಲೇ, “ಬ್ಯಾಡ್ರಿ, ನನ್ನ ಹೆಸರ ಹಾಕೇ ಬರೀರಿ. ಹೊಳಿ ಮತ್ತ ಬರ್ತದ. ನನ್ನಂಥಾಂವ ಇನ್ನೊಬ್ಬ ಇರ್ತಾನ, ಅವ್ವನ ಮಾತ ಕೇಳಿ ಮೊದಲ ಜಗಲಿ ತಗ್ಯಾಕ ಹೋಗಾಂವ. ಅಂವ ಓದ್ಲಿ” ಅಂದರು. ಆಮೇಲೆ, “ಅವ್ವ ಒಳಗಿದ್ಲಲ್ರಿ” ಅಂದರು. ಅದನ್ನು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದು. ಹಣಮವ್ವ ಅಷ್ಟರಲ್ಲಿ ಅಂಗಳ ದಾಟಿ ಹೋಗಿದ್ದರು.

ಮುಂದಿನ ಮನೆ ಅದೇ ಓಣಿಯಲ್ಲಿದೆ, ನಾಲ್ಕಾರು ಬಾಗಿಲು ಆಚೆ. ಅಲ್ಲಿಯೂ ಜಗಲಿ, ಅಲ್ಲಿಯೂ ಆಚೆ ಬದಿ ಕೊಟ್ಟಿಗೆ. ಮನೆಯವರು ಗುರುಶಾಂತರ ಮನೆಯ ಸುದ್ದಿ ಕೇಳಿಸಿಕೊಂಡಿದ್ದಾರೆ. ಜಗಲಿಯ ಬಾಗಿಲಿಗೆ ಅವರೇ ಹಲಗೆ ಅಡ್ಡ ಇಟ್ಟಿದ್ದಾರೆ. ಹಾಗಿದ್ದೂ ಮನೆಯ ಹೆಂಗಸು ಹಣಮವ್ವ ಒಳಗೆ ಬಂದಾಗ ಸೆರಗು ಒಳಗೆಳೆದುಕೊಂಡು ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ. ಹಣಮವ್ವ ಅದನ್ನು ನೋಡಿಯೂ ನೋಡದವರಂತೆ ಗೋಡೆಗೆ ಅಂಗೈ ಒತ್ತುತ್ತಾರೆ. ಚಾಂದಬೀ ಸುತ್ತು ಹಾಕಿ ಕೊಟ್ಟಿಗೆಗೆ ಇಳಿಯುತ್ತಾರೆ.

ನನಗೆ ತಡೆಯಲಾಗಲಿಲ್ಲ. ಒಂದು ಬುಟ್ಟಿ ರಾಡಿ ಹೊತ್ತು ಹೊರಗೆ ಚೆಲ್ಲಿ ಬಂದೆ, ಅಂಗಿಯ ಆಸೆ ಅಷ್ಟರಲ್ಲಿ ಬಿಟ್ಟಾಗಿತ್ತು. ಬೇಜಾರಾಗಲಿಲ್ಲವೇ ಎಂದು ಕೇಳಿದೆ. ಇಡೀ ಊರಿನ ಎದುರು ಅಷ್ಟು ದೊಡ್ಡ ಶಾಪ, ಅದೂ ಜೀವ ಉಳಿಸಿದ್ದಕ್ಕೆ. ಓಣಿಯ ಆ ತುದಿಯಿಂದ ಹೀರಾಬಾಯಿಯ ದನಿ ಇನ್ನೂ ಕೇಳುತ್ತಲೇ ಇತ್ತು. ಒಮ್ಮೆ ಇಳಿದರೆ ಮತ್ತೊಮ್ಮೆ ಏರುತ್ತಿತ್ತು, ಹಣಮವ್ವನ ತವರಿನವರೆಗೂ ಹೋಗಿ ಮುಟ್ಟುತ್ತಿತ್ತು.

ಹಣಮವ್ವ ಸಲಿಕೆ ನಿಲ್ಲಿಸಿ, ಕಿವಿಗೊಟ್ಟು, ಆ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡರು. ಅವರ ಕಣ್ಣು ತುಂಬಿದ್ದವು.

“ಬೈಲಿ ಬಿಡ್ರಿ” ಅಂದರು. “ಬೈಯಾಕ ಆಯಿ ಇದ್ದಾಳಲ್ಲ.”